ಅರ್ತ್ ಕೆಟ್ಟ ಸುಗ್ಗಿ

ಹೋದ ತಿಂಗಳು ಕೆಲಸದ ಮೇಲೆ ರಾಣೆಬೆನ್ನೂರಿನಿಂದ ಬ್ಯಾಡಗಿಗೆ ಬಸ್ಸಿನಲ್ಲಿ ಹೋಗಿದ್ದೆ. ಬಸ್ಸು ಮಾರುಕಟ್ಟೆಯ ಕಡೆ ಹೊರಳಿದ್ದೇ ತಡ, ಕಿಟಕಿಯಿಂದ ಮೆಣಸಿನಕಾಯಿ ಘಾಟು ನುಗ್ಗಿತು. ಮುಂದಿನ ಸೀಟಿನವರು ಸೀನಿದರು, ಹಿಂದಿನವರು ಕೆಮ್ಮಿದರು, ಕಂಡಕ್ಟರ್ ಮಾತ್ರ ತನಗೂ ಮೂಗಿಗೂ ಸಂಬಂಧವೇ ಇಲ್ಲದವರಂತೆ ಟಿಕೆಟ್ ಹರಿಯುತ್ತ ಬಂದರು. ನಾನು ಸೀನುತ್ತ ಸೀನುತ್ತಲೇ ನಗತೊಡಗಿದೆ. ಪಕ್ಕದಲ್ಲಿ ಕುಳಿತಿದ್ದ ಹೆಂಗಸು, ‘ಯಾಕವ್ವ, ಖಾರ ತಲಿಗೇರಿತೇನ?’ ಅಂದಳು. ಏರಿತ್ತು ನಿಜ. ಆದರೆ ಏರಿದ್ದು ನಾಲ್ಕು ವರ್ಷದ ಹಿಂದಿನ ಸುಗ್ಗಿಯ ಖಾರ.

ಆಗ ನನಗೆ ಇಪ್ಪತ್ತಮೂರು. ಊರು ಮೇಡ್ಲೇರಿ. ರಾಣೆಬೆನ್ನೂರಿನಲ್ಲಿ ಐಟಿಐ ಎಲೆಕ್ಟ್ರಾನಿಕ್ಸ್ ಮುಗಿಸಿ, ಹಾವೇರಿಯ ಒಂದು ಕಾರು ಅಲಂಕಾರದ ಅಂಗಡಿಗೆ ಸೇರಿ ಆರು ತಿಂಗಳಾಗಿತ್ತು. ಅಂಗಡಿ ಅಂದರೆ ಎರಡು ಲೋಕ. ಮುಂದೆ ಗಾಜಿನ ಕೌಂಟರ್, ಅದರಲ್ಲಿ ಸೀಟ್ ಕವರು, ಅತ್ತರಿನ ಬಾಟಲಿ, ತಲೆ ಅಲ್ಲಾಡಿಸುವ ಗೊಂಬೆ. ಹಿಂದೆ ತಗಡಿನ ಶೆಡ್ಡು, ಅಲ್ಲಿ ನಾವು ಕಾರುಗಳ ಹೊಟ್ಟೆ ಬಗೆದು ವೈರು ಎಳೆಯುವವರು. ಹೆಣ್ಣುಮಗಳು ಅಂದಮೇಲೆ ಕೌಂಟರಿಗೇ ಬಂದಿದ್ದಾಳೆ ಅಂತ ಎಲ್ಲರೂ ತಿಳಿದಿದ್ದರು. ನಾನು ಮಾತ್ರ ಮೊದಲ ದಿನವೇ ಶೆಡ್ಡಿಗೆ ಹೋಗಿ ನಿಂತೆ. ಮಾಲೀಕರು ಶಿವಾನಂದಣ್ಣ, ‘ಇರ್ಲಿ ಬಿಡು, ನಾಕ ದಿನ ನೋಡೂಣು’ ಅಂದರು. ಹಿರಿಯ ಮೇಸ್ತ್ರಿ ಇಮಾಮಣ್ಣ ಇಕ್ಕಳ ಕೈಗೆ ಕೊಟ್ಟರು. ನಾಲ್ಕು ದಿನ ಆರು ತಿಂಗಳಾಯಿತು, ನನ್ನನ್ನು ಯಾರೂ ಎಬ್ಬಿಸಲಿಲ್ಲ.

ಮನೆಯಲ್ಲಿ ಅಪ್ಪನಿಗೆ ಇದು ಅಷ್ಟಕ್ಕಷ್ಟೇ. ‘ಕುಂತು ಮಾಡೂ ಕೆಲಸ ಬಿಟ್ಟು ಗಾಡಿ ಅಡ್ಯಾಗ ಯಾಕ ಹೊಕ್ಕೊಳ್ತೀದಿ?’ ಅಂತ ಬೈಯುತ್ತಿದ್ದ. ಯಾಕೆ ಅಂತ ನನಗೂ ಹೇಳಲು ಬರುತ್ತಿರಲಿಲ್ಲ. ಸತ್ತಂತೆ ಬಿದ್ದಿದ್ದ ಒಂದು ಸ್ಪೀಕರು ನನ್ನ ಕೈಯಲ್ಲಿ ಮೊದಲ ಸಲ ‘ಧಡ್’ ಅಂದಾಗ ಆಗುವ ಖುಷಿಯನ್ನು ಅಪ್ಪನಿಗೆ ಹೇಗೆ ಹೇಳುವುದು?

ಎಳ್ಳು ಅಮಾವಾಸ್ಯೆಗೆ, ನಮ್ಮ ಕಡೆಯ ಎಳ್ಳಮಾಸಿಗೆ, ಒಂದು ವಾರ ಮುಂಚೆ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ವೀರಣ್ಣನವರ ದೊಡ್ಡ ಕಾರು ಬಂತು. ಅವರಿಗೆ ಡೊಳ್ಳಿನ ಸದ್ದು ಅಂದರೆ ಪ್ರಾಣ. ‘ಡೊಳ್ಳು ಬಡದ್ರ ಇಲ್ಲಿ ಬಡದಂಗಾಗಬೇಕು ನೋಡು’ ಅಂತ ಎದೆ ಮುಟ್ಟಿ ತೋರಿಸಿದರು. ಡಿಕ್ಕಿಯಲ್ಲಿ ಬೇಸ್, ಅಂದರೆ ದಪ್ಪ ಸದ್ದು, ಹೊಡೆಯುವ ದೊಡ್ಡ ಪೆಟ್ಟಿಗೆಯ ಸಬ್‌ವೂಫರ್, ಹಿಂದಿನ ಸೀಟಿನ ಬೆನ್ನಿಗೆ ಸದ್ದು ಹೆಚ್ಚಿಸುವ ಆಂಪ್ಲಿಫೈಯರ್. ಇಮಾಮಣ್ಣ ಅಂದು ಮದುವೆಗೆ ಹೋಗಿದ್ದರು. ಇಡೀ ಕೆಲಸ ಮೊದಲ ಸಲ ನಾನೊಬ್ಬಳೇ ಮಾಡಿದೆ. ಬ್ಯಾಟರಿಯಿಂದ ದಪ್ಪ ವೈರು ತಂದೆ, ಫ್ಯೂಸು ಕೂಡಿಸಿದೆ, ಅರ್ತ್ ವೈರಿಗೆ ಡಿಕ್ಕಿಯ ನೆಲದಲ್ಲೇ ಬಣ್ಣ ಕೆರೆದು ಬೋಲ್ಟ್ ಹಾಕಿದೆ. ಹಾಡು ಹಚ್ಚಿದಾಗ ಶೆಡ್ಡಿನ ತಗಡು ನಡುಗಿತು. ವೀರಣ್ಣ ನಕ್ಕರು. ಆ ದಿನ ಬಸ್ಸಿನಲ್ಲಿ ಸೀಟು ಸಿಗದೆ ನಿಂತೇ ಬಂದರೂ ಕಾಲು ನೋಯಲಿಲ್ಲ.

ಎಳ್ಳಮಾಸಿ ಕಳೆದು ಹತ್ತು ದಿನಕ್ಕೆ ಕಾರು ವಾಪಸ್ ಬಂತು. ಡೊಳ್ಳು ಜೋರಾದ ಕೂಡಲೇ ಆಂಪ್ಲಿಫೈಯರಿನ ಕೆಂಪು ದೀಪ ಹತ್ತುತ್ತದೆ, ಸದ್ದು ಬಂದ್ ಆಗುತ್ತದೆ. ಸಣ್ಣಗೆ ಹಚ್ಚಿದರೆ ಇಂಜಿನ್ನಿನ ಕುಂಯ್ಗುಟ್ಟುವ ಸದ್ದು ಕೇಳುತ್ತದೆ. ಫ್ಯೂಸು ನೋಡಿದೆ, ಸರಿ ಇತ್ತು. ಸಬ್‌ವೂಫರಿಗೆ ಸಣ್ಣ ಬ್ಯಾಟರಿ ತಾಗಿಸಿದೆ, ‘ಟಪ್’ ಅಂತು, ಜೀವ ಇತ್ತು. ಏನು ಕೆಟ್ಟಿದೆ ಅಂತ ತಿಳಿಯದೆ ಎಲ್ಲ ಜೋಡಣೆಗಳನ್ನೂ ಬಿಚ್ಚಿ ಮತ್ತೆ ಬಿಗಿದೆ. ಸರಿಯಾಯಿತು. ಎಲ್ಲೋ ಸಡಿಲಾಗಿತ್ತು ಅಂದುಕೊಂಡೆ.

ಮುಂದಿನ ತಿಂಗಳ ಅವರಾತ್ರಿ ಅಮಾಸಿ ಕಳೆದು ವಾರದೊಳಗೆ ಮತ್ತೆ ಬಂತು. ಅದೇ ಕೆಂಪು ದೀಪ, ಅದೇ ಕುಂಯ್. ಈ ಸಲ ಇಮಾಮಣ್ಣ ಮೀಟರು ಹಿಡಿದರು. ಕೆಂಪು ಕಡ್ಡಿ ಆಂಪ್ಲಿಫೈಯರಿಗೆ, ಕಪ್ಪು ಕಡ್ಡಿ ಡಿಕ್ಕಿ ಬಾಗಿಲಿನ ಕೊಂಡಿಗೆ. ಹನ್ನೆರಡೂವರೆ ವೋಲ್ಟು ತೋರಿಸಿತು. ‘ಕರೆಂಟ್ ಬರಾಕತ್ತೈತಿ. ಹಂಗಾರ ಮಷಿನ್ನೇ ಹೋಗೇತಿ’ ಅಂದರು. ಹೊಸ ಆಂಪ್ಲಿಫೈಯರ್ ಕೂಡಿಸಿದೆವು. ಹಾಡು ಹಚ್ಚಿದರೆ ತಗಡು ಮತ್ತೆ ನಡುಗಿತು. ಎಲ್ಲರೂ ನಿಟ್ಟುಸಿರು ಬಿಟ್ಟೆವು. ವೀರಣ್ಣನವರ ಡ್ರೈವರ್ ಮಾಲತೇಶ ಮಾತ್ರ ಮುಖ ಸಪ್ಪಗೆ ಮಾಡಿಕೊಂಡು, ‘ಅಮಾಸಿ ಆದ ಮ್ಯಾಲೇ ಹಿಂಗ ಆಗತೈತಿ. ಗಾಡಿಗೆ ಏನೋ ಬಡದೈತ್ರಿ’ ಅಂದ. ಅವನ ಮಾತಿಗೆ ನಕ್ಕವರಲ್ಲಿ ನಾನೇ ಮೊದಲಿಗಳು.

ನಗು ಬಹಳ ಹೊತ್ತು ಉಳಿಯಲಿಲ್ಲ. ಸಂಜೆ ಶಿವಾನಂದಣ್ಣ ಕರೆದರು. ಅವರು ಕೆಟ್ಟ ಮನುಷ್ಯರಲ್ಲ, ಬೈಯುವಾಗಲೂ ಚಹಾ ತರಿಸುತ್ತಿದ್ದರು. ‘ನೋಡ ರೇಣುಕಾ, ನಿನ್ನ ಕಲಿಕಿ ಚಲೋ ಐತಿ. ಆದ್ರ ಗಿರಾಕಿ ಕಲಿಕಿ ನೋಡಂಗಿಲ್ಲ, ಕೈಗುಣ ನೋಡ್ತಾನ. ವೀರಣ್ಣ ಮಾರ್ಕೆಟ್‌ನ್ಯಾಗ ಕುಂತು ಒಂದ ಮಾತ ಅಂದ್ರ ಇಡೀ ಬ್ಯಾಡಗಿ ಈ ಕಡೆ ಹೊಳ್ಳಿ ನೋಡಂಗಿಲ್ಲ. ಆ ಗಾಡಿ ಮೂರನೇ ಸಲ ಬಂತಂದ್ರ ನೀ ಮುಂದ ಕೌಂಟರಿಗೆ ಬಂದಬಿಡು. ಅದೂ ಕೆಲಸಾನ.’

ಕೈಗುಣ ಅನ್ನುವುದು ಸೂಲಗಿತ್ತಿಗೆ, ನಾಟಿ ವೈದ್ಯರಿಗೆ ಹೇಳುವ ಮಾತು. ಅದು ನನ್ನ ಇಕ್ಕಳಕ್ಕೂ ಅಂಟೀತು ಅಂತ ನಾನು ಅಂದುಕೊಂಡಿರಲಿಲ್ಲ. ಕಲಿಕೆ ಕಡಿಮೆ ಬಿದ್ದರೆ ಕಲಿಯಬಹುದು. ಕೈಗುಣ ಇಲ್ಲ ಅಂತಾದರೆ ಎಲ್ಲಿಗೆ ಹೋಗಿ ಏನು ಓದುವುದು? ಅಪ್ಪನಿಗೆ ವಿಷಯ ತಿಳಿಸಿದರೆ, ‘ಚಲೋನ ಆತು, ನೆಳ್ಳಾಗ ಇರತೀದಿ’ ಅಂದ. ಅವತ್ತು ಅವನ ಮೇಲೆ ಬಂದಷ್ಟು ಸಿಟ್ಟು ನನಗೆ ಯಾರ ಮೇಲೂ ಬಂದಿಲ್ಲ.

ಅಲ್ಲಿಂದ ಮುಂದೆ ನಾನು ಕಾರಿಗಿಂತ ಕ್ಯಾಲೆಂಡರನ್ನೇ ಹೆಚ್ಚು ನೋಡಿದೆ. ಸುಗ್ಗಿ ಏರುತ್ತಿತ್ತು. ಹಾವೇರಿಯ ರಸ್ತೆಯಲ್ಲೂ ಕೆಂಪು ಚೀಲ ಹೊತ್ತ ಲಾರಿಗಳು ಸಾಲುಗಟ್ಟಿ ಹೋಗುತ್ತಿದ್ದವು, ಬಿಸಿಲು ಬಲಿಯುತ್ತಿತ್ತು. ಶಿವರಾತ್ರಿ ಬಂತು, ಅಮಾಸಿಯೂ ಹೋಯಿತು. ಒಂದು ದಿನ, ಎರಡು ದಿನ, ಎಂಟು ದಿನ. ಒಂಬತ್ತನೇ ದಿನ ಮಾಲತೇಶನ ಫೋನು ಬಂತು. ‘ಅಕ್ಕಾ, ಮತ್ತ ಬಂದ್ ಆಗೈತಿ. ಧಣೇರು ಊರಾಗಿಲ್ಲ. ನಾ ಇನ್ನೂ ಯಾರಿಗೂ ಹೇಳಿಲ್ಲ. ಜೋರ ಹಚ್ಚಿ ನಾನ ಸುಟ್ಟೇನಿ ಅಂತಾರ ಅಂತ ನನಗೂ ಹೆದರಿಕಿ ಆಗೇತಿ.’

ಮರುದಿನ ನನ್ನ ರಜೆ. ಮೀಟರು, ಸ್ಪ್ಯಾನರು, ಮರಳು ಕಾಗದ ಚೀಲಕ್ಕೆ ಹಾಕಿಕೊಂಡು ಬೆಳಗಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಂದೇ ವಿಚಾರ. ಎರಡು ಸಲ ರಿಪೇರಿ ಆದದ್ದು ಹೇಗೆ? ಮೊದಲ ಸಲ ಎಲ್ಲ ಬಿಚ್ಚಿ ಬಿಗಿದೆ. ಎರಡನೇ ಸಲ ಆಂಪ್ಲಿಫೈಯರ್ ಬದಲಿಸುವಾಗ ಮತ್ತೆ ಎಲ್ಲ ಬಿಚ್ಚಿ ಬಿಗಿದೆ. ಅಂದರೆ ನಾವು ರೋಗವನ್ನು ನೋಡಿಯೇ ಇರಲಿಲ್ಲ, ರೋಗಿಯನ್ನು ಹಿಡಿದು ಅಲ್ಲಾಡಿಸಿದ್ದೆವು ಅಷ್ಟೆ. ಈ ಸಲ ನೋಡುವ ಮೊದಲು ಏನನ್ನೂ ಮುಟ್ಟಬಾರದು ಅಂತ ನಿರ್ಧರಿಸಿದೆ.

ವೀರಣ್ಣನವರ ಮನೆ ಮಾರುಕಟ್ಟೆಯಿಂದ ಎರಡು ಓಣಿ ಆಚೆ. ಅಂಗಳದ ಬೇವಿನ ಮರದ ಕೆಳಗೆ ಕಾರು ನಿಂತಿತ್ತು. ಡಿಕ್ಕಿಯಲ್ಲಿ ಯಾವಾಗಲೂ ಇರುತ್ತಿದ್ದ ಮೆಣಸಿನಕಾಯಿ ಮಾದರಿ ಚೀಲಗಳು ಅಂದು ಇರಲಿಲ್ಲ, ಮಾಲತೇಶ ಇಳಿಸಿ ಗುಡಿಸಿಟ್ಟಿದ್ದ. ಬಾಗಿಲು ಎತ್ತಿದೆ. ಆ ಕಾರಿನ ಡಿಕ್ಕಿ ತೆರೆದು ಸೀನದೆ ನಿಂತದ್ದು ನಾನು ಅದೇ ಮೊದಲು. ಆಗ ಮೂಗಿಗೆ ಇನ್ನೊಂದು ವಾಸನೆ ಹತ್ತಿತು. ಹುಳಿ ಹುಳಿ, ಹಳಸಿದ ಕೊಬ್ಬರಿಯಂಥದ್ದು.

ಮೊದಲು ಮೀಟರು. ಮಾಲತೇಶನಿಗೆ ಡೊಳ್ಳಿನ ಹಾಡು ಹಚ್ಚಲು ಹೇಳಿ, ಇಮಾಮಣ್ಣನ ಹಾಗೆ ಕಪ್ಪು ಕಡ್ಡಿಯನ್ನು ಬಾಗಿಲ ಕೊಂಡಿಗೆ ಹಿಡಿದೆ. ಹನ್ನೆರಡರ ಮೇಲೆ, ಎಲ್ಲ ಸರಿ. ಈಗ ಕಪ್ಪು ಕಡ್ಡಿಯನ್ನು ಆಂಪ್ಲಿಫೈಯರಿನ ಅರ್ತ್ ತಿರುಪಿಗೇ ಹಿಡಿದೆ. ಡೊಳ್ಳಿನ ಪ್ರತಿ ಪೆಟ್ಟಿಗೆ ಅಂಕಿ ಹನ್ನೆರಡರಿಂದ ಒಂಬತ್ತಕ್ಕೆ ಬೀಳುತ್ತಿತ್ತು! ಕರೆಂಟು ಬರುತ್ತಿದೆಯೇ ಅಂತ ಮಾತ್ರ ಇಷ್ಟು ದಿನ ನೋಡಿದ್ದೆವು. ಬಂದದ್ದು ತಿರುಗಿ ಹೋಗುತ್ತಿದೆಯೇ ಅಂತ ಯಾರೂ ನೋಡಿರಲಿಲ್ಲ.

ಕಾರ್ಪೆಟ್ ಎತ್ತಿದೆ. ನಾನು ಹಾಕಿದ ಬೋಲ್ಟಿನ ಸುತ್ತ ಬಿಳಿ, ಹಸಿರು ಹೊಪ್ಪಳೆ ಕಟ್ಟಿತ್ತು. ಹಿಂದೆ ಎರಡು ಸಲವೂ ಖಾರಕ್ಕೆ ಕಣ್ಣು ಮುಚ್ಚಿ ಸೀನುತ್ತಲೇ ಅದನ್ನು ಬಿಗಿದಿದ್ದೆ. ಸಮುದ್ರದ ದಂಡೆಯ ಗಾಡಿಗಳಿಗೆ ಹೀಗೆ ತುಕ್ಕು ಹಿಡಿಯುವುದನ್ನು ಕಂಡಿದ್ದೆ. ‘ಕಾರವಾರದ ಕಡೆ ಏನರ ಹೋಗಿದ್ದೇನೋ?’ ಅಂತ ಕೇಳಿದರೆ ಮಾಲತೇಶ, ‘ಕಾಗಿನೆಲಿ ದಾಟಿ ಹೋಗಿಲ್ಲಕ್ಕಾ’ ಅಂದ. ಬೋಲ್ಟಿನ ಪಕ್ಕದಲ್ಲಿ ಒಣಗಿದ ಕುಂಕುಮ, ಒಂದೆರಡು ಅಕ್ಕಿಕಾಳು, ಚೆಂಡುಹೂವಿನ ಎಸಳು.

ಅಷ್ಟರಲ್ಲಿ ವೀರಣ್ಣನವರ ತಾಯಿ ನೀಲವ್ವಜ್ಜಿ ಒಂದು ತಾಟಿನಲ್ಲಿ ಒಗ್ಗರಣೆ ಅವಲಕ್ಕಿ ಹಿಡಿದುಕೊಂಡು ಬಂದರು. ‘ಹೆಣಮಗಳು ಗಾಡಿ ರಿಪೇರಿಗೆ ಬಂದಾಳ ಅಂದ್ರ ನೋಡಾಕ ಬಂದೆ. ಏನಾಗೈತವ್ವ ಇದಕ್ಕ?’

‘ಅರ್ತ್ ಕೆಟ್ಟೈತ್ರೀ ಅಜ್ಜಿ.’

‘ಅರ್ಥ ಕೆಟ್ಟೈತಿ?’ ಅಜ್ಜಿ ಕಣ್ಣು ಹಿರಿದು ಮಾಡಿದರು. ‘ಅರ್ಥಾನ ಕೆಟ್ಟ ಮ್ಯಾಲೆ ಏನ ಉಳೀತ ಬಿಡವ್ವ!’

ಮಾಲತೇಶನೂ ನಾನೂ ಬಿದ್ದು ಬಿದ್ದು ನಕ್ಕೆವು. ಅಜ್ಜಿಗೆ ತಿಳಿಯುವ ಹಾಗೆ ಹೇಳಿದೆ: ಬ್ಯಾಟರಿಯಿಂದ ಹೊರಟ ಕರೆಂಟು ಕೆಲಸ ಮಾಡಿ ಬ್ಯಾಟರಿಗೇ ತಿರುಗಿ ಹೋಗಬೇಕು; ಆ ವಾಪಸ್ ದಾರಿಗೆ ನಾವು ಅರ್ತ್ ಅನ್ನುತ್ತೇವೆ; ಇಲ್ಲಿ ಯಾವುದೋ ನೀರು ಬಿದ್ದು ಬಿದ್ದು ಆ ದಾರಿ ಮುಚ್ಚಿದೆ. ಅಜ್ಜಿ ಕೇಳುತ್ತ ಕೇಳುತ್ತ ತಾಟನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟರು.

‘ಟೆಂಗಿನ ನೀರೂ ನೀರ ಏನವ್ವ?’

ಎಲ್ಲ ಹೊರಬಂತು. ಅಮಾಸಿಗೆ ಗಾಡಿಪೂಜೆ ಅಜ್ಜಿಯ ಪಾಲಿನದು. ಚಕ್ರಕ್ಕೆ ನಿಂಬೆಹಣ್ಣು, ಮೂತಿಗೆ ಕುಂಕುಮ, ಮುಂದೆ ಕಾಯಿ. ಹೊಸ ಪೆಟ್ಟಿಗೆ ಬಂದ ಮೇಲೆ ಅಜ್ಜಿ ಒಮ್ಮೆ ಹಿಂದಿನ ಸೀಟಿನಲ್ಲಿ ಕುಳಿತಿದ್ದರು. ಬೆನ್ನಿಗೆ ಡೊಳ್ಳಿನ ಸದ್ದು ಬಡಿಯಿತು. ‘ಎದಿ ಬಡಕೊಂಡಂಗ ಬಡಕೋಳಾಕತ್ತಿತ್ತವ್ವ. ಹಂಗಾರ ಗಾಡಿ ಜೀವ ಇರೂದು ಇಲ್ಲೇ ಅಂತ ತಿಳದೆ. ಮೂತಿಗೆ ಪೂಜಿ ಮಾಡಿ ಜೀವಕ್ಕ ಬಿಟ್ರ ಹೆಂಗ? ಕಾಯಿ ಒಡದ ನೀರ ಒಂದ ತಂಬಿಗಿ ತುಂಬ ಇದರ ನೆತ್ತಿಮ್ಯಾಲ ಹಾಕತಿದ್ದೆ.’

ನೆತ್ತಿಗೆ ಹಾಕಿದ ನೀರು ಪೆಟ್ಟಿಗೆಯ ಬೆನ್ನಿನಿಂದಿಳಿದು, ಕಾರ್ಪೆಟ್ಟಿನ ಅಡಿ ಹರಿದು, ಡಿಕ್ಕಿಯ ತಗ್ಗಿನಲ್ಲಿ ನಿಲ್ಲುತ್ತಿತ್ತು. ಆ ತಗ್ಗಿನಲ್ಲೇ ನಾನು ಬೋಲ್ಟ್ ಹಾಕಿದ್ದೆ. ಮಾಲತೇಶ ಹೇಳಿದ್ದು ಖರೇನೇ, ಅಮಾಸಿಯೇ ಬಡಿದಿತ್ತು. ನನಗೆ ನಗು ಉಕ್ಕಿ ಬರುತ್ತಿತ್ತು, ಆದರೆ ಅಜ್ಜಿಯ ಮುಖ ನೋಡಿ ನುಂಗಿಕೊಂಡೆ. ಅವರು ನನ್ನ ಮೊಣಕೈ ಹಿಡಿದು ಹತ್ತಿರ ಎಳೆದುಕೊಂಡರು.

‘ವೀರಣ್ಣಗ ಹೇಳಬ್ಯಾಡ ನನ್ನವ್ವ. ಹೋದ ವರ್ಷ ಊದಿನಕಡ್ಡಿ ಕಿಡಿ ಬಿದ್ದು ಹಳೇ ಗಾಡಿ ಸೀಟ ಸುಟ್ಟಿತ್ತು. ಇನ್ನ ಗಾಡಿ ಮುಟ್ಟಬ್ಯಾಡ ಅಂದಿದ್ದ. ನಾನ ಹಟ ಮಾಡಿ ಪೂಜಿ ಉಳಿಸಿಕೊಂಡೇನಿ. ಈಗ ಇದೂ ನನ್ನಿಂದ ಅಂತ ಗೊತ್ತಾದ್ರ ಅದೂ ಹೋತು. ಮನ್ಯಾಗ ನಂದಂತ ಉಳದಿದ್ದು ಅದೊಂದ ಕೆಲಸ.’

ನನ್ನದು ಅಂತ ಇದ್ದ ಒಂದೇ ಕೆಲಸವನ್ನು ಉಳಿಸಿಕೊಳ್ಳಲು ನಾನೂ ಬಂದಿದ್ದೆ. ಆದ್ದರಿಂದ ಹಿಂದುಮುಂದು ನೋಡದೆ, ‘ಯಾರಿಗೂ ಹೇಳಂಗಿಲ್ರಿ’ ಅಂತ ಮಾತು ಕೊಟ್ಟೆ. ಮಾಲತೇಶನ ಬಾಯಿಗೂ ಬೀಗ ಹಾಕಿಸಿದೆ. ಅರ್ತ್ ಬೋಲ್ಟನ್ನು ತಗ್ಗಿನಿಂದ ತೆಗೆದು, ಪಕ್ಕದ ಗೋಡೆಯಲ್ಲಿ ಮೊಳದೆತ್ತರಕ್ಕೆ ಬಣ್ಣ ಕೆರೆದು ಹೊಸದಾಗಿ ಬಿಗಿದೆ, ಮೇಲೆ ಗ್ರೀಸು ಬಳಿದೆ. ಡೊಳ್ಳು ಹಚ್ಚಿ ಮೀಟರು ಹಿಡಿದರೆ ಅಂಕಿ ಜಗ್ಗಲಿಲ್ಲ. ‘ಮುಂದಿನ ಅಮಾಸಿಗೆ ಇದಕ್ಕ ಹೂವಷ್ಟ ಏರಸ್ರಿ, ನೀರ ಬ್ಯಾಡ’ ಅಂದೆ. ಅಜ್ಜಿ ನನ್ನ ಗಲ್ಲ ಸವರಿ ಲಟಿಕೆ ಮುರಿದರು. ಅವಲಕ್ಕಿ ಆರಿಹೋಗಿತ್ತು, ಆದರೂ ಅಂಥ ಅವಲಕ್ಕಿ ನಾನು ಮತ್ತೆ ತಿಂದಿಲ್ಲ.

ಕೊಟ್ಟ ಮಾತಿನ ತೂಕ ತಿಳಿದದ್ದು ಎರಡು ದಿನದ ಮೇಲೆ. ಊರಿಗೆ ವಾಪಸ್ ಬಂದ ವೀರಣ್ಣ, ಮನೆಗೇ ಬಂದು ರಿಪೇರಿ ಮಾಡಿ ಹೋದಳಂತೆ ಅಂತ ಶಿವಾನಂದಣ್ಣನಿಗೆ ಫೋನು ಮಾಡಿದರು. ಮೆಚ್ಚಿಯೇ ಮಾಡಿದ್ದು. ಶಿವಾನಂದಣ್ಣ ಕೇಳಿಸಿಕೊಂಡದ್ದು ಮಾತ್ರ ಗಾಡಿ ಮೂರನೇ ಸಲ ಕೆಟ್ಟಿತು ಅನ್ನುವುದನ್ನು.

‘ಏನಾಗಿತ್ತು?’

‘ಅರ್ತ್ ಕೆಟ್ಟಿತ್ರಿ.’

‘ಅರ್ತ್ ಹಾಕಿದ್ದು ಯಾರು?’

‘ನಾನ ರೀ.’

‘ಯಾಕ ಕೆಟ್ಟಿತು?’

ಒಂದು ಗಳಿಗೆ ನಾಲಗೆ ತುದಿಗೆ ಬಂದಿತ್ತು. ‘ನಂದಂತ ಉಳದಿದ್ದು ಅದೊಂದ ಕೆಲಸ’ ಅಂದ ಅಜ್ಜಿಯ ಮಾತು ನೆನಪಾಯಿತು. ‘ತಗ್ಗಿನ್ಯಾಗ ಹಾಕಿದ್ದೆ. ನೀರ ಕುಂತಿತ್ತು’ ಅಂದೆ. ಸುಳ್ಳೇನಲ್ಲ. ತಗ್ಗಿನಲ್ಲಿ ಹಾಕಿದ್ದು ನನ್ನ ತಪ್ಪೇ ಆಗಿತ್ತು. ಉಳಿದರ್ಧವನ್ನು ಹೇಳಲಿಲ್ಲ ಅಷ್ಟೆ. ಮರುದಿನದಿಂದ ನಾನು ಕೌಂಟರಿನಲ್ಲಿ.

ಆ ಮೂರು ವಾರ ನಾನು ಮಾರಿದಷ್ಟು ಅತ್ತರನ್ನು ಆ ಅಂಗಡಿಯಲ್ಲಿ ಯಾರೂ ಮಾರಿರಲಿಕ್ಕಿಲ್ಲ. ಮಲ್ಲಿಗೆ ಬೇಕಾ, ಗಂಧ ಬೇಕಾ, ನಿಂಬೆ ಬೇಕಾ ಅಂತ ಕೇಳುತ್ತ ನಿಲ್ಲುವುದು. ಫ್ಯಾನಿನ ಗಾಳಿ, ಕುರ್ಚಿ, ಸ್ವಚ್ಛ ಕೈ. ಹಿಂದೆ ಶೆಡ್ಡಿನಿಂದ ‘ಧಡ್’ ಅಂತ ಸದ್ದು ಬಂದರೆ ಗಿರಾಕಿಯ ಮಾತು ಬಿಟ್ಟು ಅತ್ತ ಹೊರಳುತ್ತಿದ್ದೆ. ಉಗುರಿನ ಸಂದಿಯ ಗ್ರೀಸು ಹೋದದ್ದನ್ನು ನೋಡಿ ಅಪ್ಪನಿಗೆ ಸಂತೋಷ, ನನಗೆ ಅಳು. ಅಜ್ಜಿಯ ಮೇಲೆ ಒಮ್ಮೊಮ್ಮೆ ಸಿಟ್ಟೂ ಬರುತ್ತಿತ್ತು, ಸುಳ್ಳೇಕೆ ಹೇಳಲಿ.

ಯುಗಾದಿ ಅಮಾಸಿ ಹೋಯಿತು, ಯುಗಾದಿಯೂ ಆಯಿತು. ಬೇವು ಬೆಲ್ಲ ತಿಂದ ವಾರದ ಮೇಲೆ ಒಂದು ಮಧ್ಯಾಹ್ನ ಅಂಗಡಿಯ ಮುಂದೆ ಆ ಕಾರು ನಿಂತಿತು. ಮತ್ತೆ ಕೆಟ್ಟಿತು ಅಂದುಕೊಂಡೆ. ಒಳಗಿಂದ ಡೊಳ್ಳು ಢಮಢಮ ಬಡಿಯುತ್ತಿತ್ತು. ಅಂದರೆ ಕೆಟ್ಟಿರಲಿಲ್ಲ! ವೀರಣ್ಣ ಇಳಿದರು, ಅವರ ಹಿಂದೆ ಕಣ್ಣಿನ ದವಾಖಾನೆಯ ಚೀಟಿ ಹಿಡಿದ ನೀಲವ್ವಜ್ಜಿ. ‘ಕಣ್ಣ ತೋರಿಸಾಕ ಹಾವೇರಿಗೆ ಬಂದಿದ್ವಿ. ಆ ಹುಡುಗಿ ಮಾರಿ ನೋಡೇ ಹೋಗ್ತೀನಿ ಅಂತ ಹಟ ಹಿಡದಾಳ ನಮ್ಮವ್ವ’ ಅಂದರು ವೀರಣ್ಣ.

ಅಜ್ಜಿ ಸೀದಾ ಶೆಡ್ಡಿಗೆ ಹೊರಟಿದ್ದರು. ಕೌಂಟರಿನ ಹಿಂದೆ ನನ್ನನ್ನು ಕಂಡು ಗಕ್ಕನೆ ನಿಂತರು. ‘ಇಲ್ಲೇನ ಮಾಡಾಕತ್ತೀದಿ? ನಿನ್ನ ಕೆಲಸ ಹಿಂದೈತಲ್ಲ?’

ಉತ್ತರ ಕೊಟ್ಟವರು ಇಮಾಮಣ್ಣ, ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತ. ‘ನಿಮ್ಮ ಗಾಡಿ ಮೂರ ಸಲ ಕೆಟ್ಟಿತಲ್ರೀ ಅಮ್ಮಾ. ಇಕಿ ಕೈಗುಣ ಚಲೋ ಇಲ್ಲಂತ.’

ಅಜ್ಜಿ ಅತ್ತ ಇತ್ತ ನೋಡಿದರು. ಅಂಗಡಿಯಲ್ಲಿ ಐದಾರು ಗಿರಾಕಿಗಳು, ಶಿವಾನಂದಣ್ಣ, ಪಕ್ಕದಲ್ಲೇ ಮಗ. ನಾನು ಕಣ್ಣಲ್ಲೇ ಬೇಡ ಅಂದೆ. ಅಜ್ಜಿ ಸೆರಗು ಸರಿಮಾಡಿಕೊಂಡು, ಬಜಾರಿಗೆಲ್ಲ ಕೇಳುವ ದನಿಯಲ್ಲಿ ಅಂದರು:

‘ಕೆಡಿಸಿದ್ದು ನಾನು! ಮೂರ ಅಮಾಸಿ ಟೆಂಗಿನ ನೀರ ಹಾಕಿ ಕೆಡಿಸಿದಾಕಿ ನಾನು. ಈಕಿ ಹುಡುಕಿ ತಗದು ನೆಟ್ಟಗ ಮಾಡ್ಯಾಳ. ಯಾರಿಗೂ ಹೇಳಬ್ಯಾಡ ಅಂದಿದ್ದೆ, ಹೇಳಿಲ್ಲ. ಮೊನ್ನಿ ಅಮಾಸಿಗೆ ಹೂವಷ್ಟ ಏರಿಸೇನಿ, ನೋಡ್ರಿ ಹೆಂಗ ಬಡಿಯಾಕತ್ತೈತಿ. ಈಗ ವೀರಣ್ಣಾ, ಪೂಜಿ ಬಿಡಿಸ್ತೀ ಬಿಡಿಸು. ಆದ್ರ ನನ್ನ ತಪ್ಪಿಗೆ ಈಕಿ ಇಲ್ಲಿ ಕುಂದ್ರಬಾರದು.’

ವೀರಣ್ಣ ಅವ್ವನನ್ನೇ ನೋಡುತ್ತ ನಿಂತರು. ಆಮೇಲೆ ಹೊಟ್ಟೆ ಕುಣಿಸುತ್ತ ನಗತೊಡಗಿದರು. ‘ಅಲ್ಲಬೇ, ನನಗೊಂದ ಮಾತ ಹೇಳಿದ್ರ ಏನ ಆಗತಿತ್ತು?’

‘ಬೈತಿದ್ದಿ.’

‘ಬೈತಿದ್ದೆ, ಖರೆ’ ಅಂದು ವೀರಣ್ಣ ಕಣ್ಣೊರೆಸಿಕೊಂಡರು. ‘ಪೂಜಿ ನೀನ ಮಾಡು. ತಂಬಿಗಿ ಮಾತ್ರ ನನ್ನ ಕೈಗೆ ಕೊಡು.’

ನನ್ನ ಕಡೆ ನೋಡಲಿಕ್ಕೂ ಶಿವಾನಂದಣ್ಣನಿಗೆ ಸಂಕೋಚ. ಟೇಬಲ್ಲಿನ ಮೇಲಿದ್ದ ಒಂದು ಕಾರಿನ ಕೀಲಿ ಎತ್ತಿ ಕೇಳಿದರು. ‘ಇಮಾಮಾ, ಆ ಬಿಳೀ ಗಾಡಿ ಬೇಸ್ ಬರವಲ್ದು ಅಂತ ಬಂದಿತ್ತಲ್ಲ, ಯಾರ ನೋಡಾಕತ್ತೀರಿ?’

‘ಇನ್ನೂ ಯಾರೂ ಮುಟ್ಟಿಲ್ರಿ’ ಅಂದರು ಇಮಾಮಣ್ಣ. ಅದು ಸುಳ್ಳು. ಬೆಳಗಿನಿಂದ ಅವರೇ ಅದರೊಳಗೆ ತಲೆ ಹಾಕಿಕೊಂಡಿದ್ದರು.

‘ಹಂಗಾರ ರೇಣುಕಾ ನೋಡ್ತಾಳ ತಗೋ’ ಅಂದು ಶಿವಾನಂದಣ್ಣ ಕೀಲಿಯನ್ನು ನನ್ನ ಮುಂದಿಟ್ಟರು.

ಶೆಡ್ಡಿಗೆ ಹೋಗಿ ಆ ಬಿಳಿ ಕಾರಿನಲ್ಲಿ ಕೂತೆ. ಸಡಿಲಾಗಿದ್ದ ಒಂದು ವೈರು ಬಿಗಿಯಲು ಐದು ನಿಮಿಷವೂ ಹಿಡಿಯಲಿಲ್ಲ. ಹಾಡು ಹಚ್ಚಿದೆ. ಬೆನ್ನಿಗೆ ಧಡ್ ಅಂತು. ಮೂರು ವಾರ ತಡೆದಿಟ್ಟಿದ್ದ ಅಳು ಅದರ ಜೊತೆಗೇ ಒಡೆದು ಬಂತು. ನಾಲ್ಕೂ ಬಾಗಿಲು ಹಾಕಿ, ಗಾಜು ಏರಿಸಿ, ಸದ್ದು ಹೆಚ್ಚಿಸಿ, ಯಾರಿಗೂ ಕೇಳದ ಹಾಗೆ ಹಾಯಾಗಿ ಅತ್ತೆ. ಹೊರಗಿನಿಂದ ಇಮಾಮಣ್ಣ ಗಾಜು ಬಡಿದು, ‘ಬೇಸ್ ಭಾರಿ ಬರಾಕತ್ತೈತಿ ಬಿಡು!’ ಅಂತ ಕೂಗಿದರು. ನಾನು ಕಣ್ಣು ಒರೆಸಿಕೊಳ್ಳದೆಯೇ ತಲೆಯಾಡಿಸಿ, ಇನ್ನೊಂದಿಷ್ಟು ಏರಿಸಿದೆ.